ಉಸ್ತಾದರ ಹೆಸರು ತೆಗೆದ ಪದ

“ಅಕ್ಕಾ, ಮಂದಿ ನನ್ನ ಕೇಳತಾರ, ಯಾಕ ಬಿಟ್ಟು ಹೋದಿ ಅಂತ. ನಾ ಬಿಟ್ಟು ಹೋದಂವ ಅಲ್ಲ. ಹಾಡಕೋತ ಹಾಡಕೋತ ಹೋದಂವ. ನಮ್ಮ ಹರ್ತಿಯಾಗ ಮೊಹರಂ ಬಂತಂದ್ರ ಮಸೂತಿ ಮುಂದ ಕುಣಿ ತೋಡವರು ನಾವು, ಅಲಾಯಿ ದೇವರ ಎತ್ತವರು ನಾವು, ಹುಸೇನ ಸಾಹೇಬರ ಪದಾ ಹಾಡವರು ನಾವು. ಊರಾಗ ಮುಸಲ್ಮಾನರ ಮನಿ ಇದ್ದದ್ದ ನಾಕೈದು. ಸಣ್ಣಾಂವ ಇದ್ದಾಗಿಂದ ಆ ಕಥಿಯಾಗಿನ ಕುದುರಿ ನನ್ನ ಕನಸಿನಾಗ ಬರತಿತ್ತು. ಯುದ್ಧದಾಗ ಸಾಹೇಬರು ಬಿದ್ದ ಮ್ಯಾಲ ಖಾಲಿ ಜೀನ ಹೊತಗೊಂಡು ಕುದುರಿ ಡೇರೆ ಮುಂದ ಬಂದು ನಿಂದರತೈತಿ. ಒಳಗಿನ ಹೆಣ್ಣಮಕ್ಕಳು ಕೇಳತಾರ, ಏರಿ ಹೋದಂವ ಎಲ್ಲಿ ಇಳದಾನ ಹೇಳ ಕುದುರಿ, ಅಂತ. ಅದನ್ನ ಹಾಡಬೇಕಾದ್ರ ನನ್ನ ಕಣ್ಣಾಗ ನೀರು ಬರತಿದ್ವು. ಅದೇನು ಸುಳ್ಳ ನೀರೇನಕ್ಕಾ? ವರ್ಷಾ ವರ್ಷಾ ಒಬ್ಬರ ಸಲುವಾಗಿ ಅತ್ತ ಮ್ಯಾಲ ಅವರು ನಮ್ಮವರಾದಂಗ ಅಲ್ಲೇನು? ನಾ ಹಂಗ ತಿಳಕೊಂಡೆ. ಇಷ್ಟು ವರ್ಷ ಅಂಗಳದಾಗ ನಿಂತು ಹಾಡೇನಿ, ಇನ್ನ ಮನಿ ಒಳಗ ಹೋಗೂಣು ಅಂತ ಹೋದೆ. ಒಳಗ ಹೋದ ಮ್ಯಾಲ ಅಂದ್ರು, ಇಲ್ಲಿ ಹಾಡೂದಿಲ್ಲಪಾ ಅಂತ. ಹೊಳ್ಳಿ ನೋಡತೇನಿ, ಅಂಗಳದಾಗ ನಾ ಇಟ್ಟು ಬಂದ ಪದಾ ಇಲ್ಲ. ಯಾವನೋ ಎತಗೊಂಡು ಹೋಗ್ಯಾನ. ಯಾವನೋ ಅಂದ್ರ ಯಾವನೋ ಅಲ್ಲ, ನಮ್ಮ ಮನ್ಯಾಗ ಉಂಡು ಬೆಳದಂವ. ಈಗ ಒಳಗಿನವರೂ ಇವ ಯಾರು ಅಂತಾರ, ಹೊರಗಿನವರೂ ಇವ ಯಾರು ಅಂತಾರ. ಅದರ ಸಿಟ್ಟಿಲ್ಲ ನನಗ. ನನ್ನ ಹೆಸರು ಹೋತು, ಹೋಗ್ಲಿ. ಆದ್ರ ಆ ಪದದಾಗ ನನ್ನ ಗುರುವಿನ ಹೆಸರಿತ್ತು. ಅದನ್ನೂ ತಗದ್ರಲ್ಲ, ಅದೊಂದು ನನಗ ಸೈರಣಿ ಆಗವಲ್ದು.”

ಹೀಗೆಂದು ನನ್ನ ಮುಂದೆ ಹೇಳಿಕೊಂಡವನು ಯಮನೂರಪ್ಪ. ಬೆಟಗೇರಿಯಲ್ಲಿ ನಮ್ಮ ಮನೆಯ ಗೋಡೆಗೆ ಗೋಡೆ ಹತ್ತಿದ ಒಂದು ಖೋಲಿಯಲ್ಲಿ ಇರುತ್ತಾನೆ. ನನ್ನ ತವರೂ ಹರ್ತಿಯೇ ಆದ್ದರಿಂದ ಅಕ್ಕ ಎಂದು ಕರೆಯುತ್ತಾನೆ. ಮಸೀದಿಯಲ್ಲಿ ಅವನಿಗೆ ಇಟ್ಟ ಹೆಸರು ಯಾಕೂಬ. ಆ ಹೆಸರಿನಿಂದ ಕರೆದರೂ ಓ ಎನ್ನುತ್ತಾನೆ, ಈ ಹೆಸರಿನಿಂದ ಕರೆದರೂ ಓ ಎನ್ನುತ್ತಾನೆ. ಓ ಎನ್ನುವುದರಲ್ಲಿ ಅವನು ಎಂದೂ ಭೇದ ಮಾಡಿದವನಲ್ಲ.

ಅವನ ಹಿರಿಯರು ಹರ್ತಿಯಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ ಬೆಳೆಯುವವರು. ಮೀಸೆ ಚಿಗುರುವ ವಯಸ್ಸಿನಲ್ಲಿ ಒಮ್ಮೆ ಲಕ್ಷ್ಮೇಶ್ವರದ ಸಂತೆಗೆ ಹೋಗಿದ್ದಾಗ ಹರಿದ ಅಂಗಿ ಹೊಲಿಸಲು ಒಂದು ಸಣ್ಣ ಅಂಗಡಿಗೆ ಹೊಕ್ಕ. ಅಲ್ಲಿ ಹೊಲಿಗೆ ಯಂತ್ರ ತುಳಿಯುತ್ತ ಒಬ್ಬರು ರಿವಾಯತ್ ಪದ ಹಾಡುತ್ತಿದ್ದರು. ಮೊಹರಂನಲ್ಲಿ ದಪ್ಪು ಬಾರಿಸುತ್ತ ಹಾಡುವ ಕರ್ಬಲಾದ ದುಃಖದ ಪದಗಳಿಗೆ ನಮ್ಮ ಕಡೆ ರಿವಾಯತ್ ಎನ್ನುತ್ತೇವೆ. ಅವರೇ ಅತಾವುಲ್ಲಾ ಉಸ್ತಾದರು. ಅಂಗಿ ಹೊಲಿದು ಮುಗಿದರೂ ಯಮನೂರಪ್ಪ ಏಳಲಿಲ್ಲ. “ಏನಪಾ, ಇನ್ನೊಂದು ಅಂಗಿ ಹರಕೊಂಡು ಬರತಿಯೇನು?” ಎಂದು ಉಸ್ತಾದರು ನಕ್ಕರಂತೆ. ಮುಂದಿನ ಸಂತೆಗೆ ಅವನು ನಿಜವಾಗಿಯೂ ಇನ್ನೊಂದು ಅಂಗಿ ಹರಿದುಕೊಂಡೇ ಹೋದ.

ಉಸ್ತಾದರು ಕಲಿಸುವ ರೀತಿಯೇ ಬೇರೆ. ಕೈಯಲ್ಲಿ ಬಟ್ಟೆ, ಕಾಲಡಿಯಲ್ಲಿ ಯಂತ್ರ. ಶಿಷ್ಯ ತಾಳಕ್ಕೆ ಸರಿಯಾಗಿ ಹಾಡಿದರೆ ಯಂತ್ರ ಓಡುತ್ತಿತ್ತು, ತಪ್ಪಿದರೆ ನಿಲ್ಲುತ್ತಿತ್ತು. ಬೈಗುಳವಿಲ್ಲ, ಮಾತಿಲ್ಲ. ಯಂತ್ರ ಮತ್ತೆ ಓಡುವವರೆಗೆ ಅದೇ ಸಾಲು ಹಾಡಬೇಕು. ಕಟ್ಟುನಿಟ್ಟಾಗಿ ಬಾಯಿ ಬಿಟ್ಟು ಹೇಳುತ್ತಿದ್ದ ಮಾತು ಒಂದೇ, ಅದು ಅಂಕಿತದ್ದು. ಪದದ ಕಡೆಯ ನುಡಿಯಲ್ಲಿ ಕಲಿಸಿದ ಗುರುವಿನ ಊರು, ಗುರುವಿನ ಹೆಸರು, ಆಮೇಲೆ ಹಾಡುವವನ ಊರು ಮತ್ತು ಹೆಸರು ಬರಬೇಕು. “ಅಂಕಿತ ಅಂದ್ರ ಮನಷ್ಯಾಗ ಅಪ್ಪನ ಹೆಸರಿದ್ದಂಗ. ಅದನ್ನ ಹೇಳದ ಹಾಡಿದಂವ ಕಳವು ಮಾಡಿದಂಗ” ಎನ್ನುತ್ತಿದ್ದರು. ಅದಕ್ಕೇ ಅವರು ಕಲಿಸಿದ ಕುದುರೆಯ ಪದದ ಕಡೆಯ ನುಡಿ ಹೀಗಿತ್ತು:

ಲಕ್ಷ್ಮೇಶ್ವರದ ಅತಾವುಲ್ಲಾ ಗುರು ಕೊಟ್ಟ ನುಡಿ
ಹರ್ತಿ ಊರ ಯಮನೂರ ಹಾಡ್ಯಾನ ಕಣ್ಣೀರ ಕೂಡಿ.

ಯಮನೂರಪ್ಪನ ಕಂಠ ಎಂಥದೆಂದರೆ, ಕುರ್ತಕೋಟಿಯವರು, ಬೆಳ್ಳಟ್ಟಿಯವರು ತಮ್ಮ ಊರಿನಲ್ಲಿ ಮೇಳ ಇದ್ದರೂ ಹರ್ತಿಗೆ ಬಂದು ಕೇಳಿ ಹೋಗುತ್ತಿದ್ದರು. ಅವನ ಪಕ್ಕದಲ್ಲಿ ಮೊದಲಿನಿಂದಲೂ ಹಿಮ್ಮೇಳ ಹಾಡಿದವನು ಮಲ್ಲು. ಇಬ್ಬರೂ ಒಂದೇ ಓರಗೆಯವರು, ಒಂದೇ ಬಾವಿಯಲ್ಲಿ ಈಜು ಕಲಿತವರು. ಉಸ್ತಾದರು ಹರ್ತಿಗೆ ಬಂದಾಗ ಅವರ ತಾಟಿನಲ್ಲೇ ಕೈ ಹಾಕಿ ಉಂಡವನು ಈ ಮಲ್ಲು.

ಯಮನೂರಪ್ಪ ಹನಮಂತವ್ವನನ್ನು ಲಗ್ನವಾದ. ಮಕ್ಕಳಾಗಲಿಲ್ಲ. ಆ ಕೊರತೆ ತುಂಬಿದವನು ಮುಂಡರಗಿ ಕಡೆಯ ಗವಿಸಿದ್ದೇಶ. ಪದ ಕಲಿಯುತ್ತೇನೆ ಎಂದು ಬಂದವನು ಮನೆಯವನೇ ಆಗಿ ಉಳಿದ. ಹನಮಂತವ್ವ ಅವನಿಗೆಂದೇ ಕಟಕರೊಟ್ಟಿ ಮಾಡಿ ಡಬ್ಬಿಯಲ್ಲಿ ಇಡುತ್ತಿದ್ದಳು. “ನನಗ ಮಾಡಿದ್ದು ಮೆತ್ತಗ, ಅವಂಗ ಮಾಡಿದ್ದು ಕಟಕಟ. ಹಲ್ಲ ಅವಂಗ ಅಷ್ಟ ಅದಾವೇನ?” ಎಂದು ಯಮನೂರಪ್ಪ ಕಾಡಿಸುತ್ತಿದ್ದ. ಹುಡುಗನ ಧ್ವನಿ ಚಲೋ ಇತ್ತು, ನೆನಪೂ ಚಲೋ ಇತ್ತು. ಒಮ್ಮೆ ಕೇಳಿದ್ದನ್ನು ಮರೆಯುತ್ತಿರಲಿಲ್ಲ.

ಹನಮಂತವ್ವ ಬೇನೆಯಾಗಿ ತೀರಿಕೊಂಡಳು. ಅದರ ಬೆನ್ನಿಗೇ ಲಕ್ಷ್ಮೇಶ್ವರದಲ್ಲಿ ಉಸ್ತಾದರು ಹಾಸಿಗೆ ಹಿಡಿದರು. ಯಮನೂರಪ್ಪ ಹೋಗಿ ಅಲ್ಲೇ ಉಳಿದ. ಉಸ್ತಾದರಿಗೆ ಇದ್ದವಳು ಒಬ್ಬಳೇ ಮಗಳು, ರೇಷ್ಮಾ. ಗಂಡ ತೀರಿದ ಮೇಲೆ ತಂದೆಯ ಮನೆಗೆ ಬಂದು ಅದೇ ಯಂತ್ರದ ಮೇಲೆ ಹೊಲಿಯುತ್ತಿದ್ದಳು. ಅವಳು ಹೊಲಿಯುವಳು, ಇವನು ಉಸ್ತಾದರ ಮೈ ತೊಳೆಯುವನು, ಗಂಜಿ ಕುಡಿಸುವನು. ಉಸ್ತಾದರು ಕಣ್ಣು ಮುಚ್ಚಿದ ಮೇಲೆ ಮಣ್ಣಿಗೆ ಹೊತ್ತವರಲ್ಲಿ ಇವನೂ ಒಬ್ಬ. ಆದರೆ ಎಲ್ಲರೂ ಸಾಲಾಗಿ ನಿಂತು ನಮಾಜು ಮಾಡುವಾಗ ಇವನು ದೂರ ಬೇವಿನ ಗಿಡದ ಕೆಳಗೆ ನಿಲ್ಲಬೇಕಾಯಿತು. ಯಾರೂ ದೂರ ನಿಲ್ಲು ಎನ್ನಲಿಲ್ಲ. ಹೇಗೆ ನಿಲ್ಲಬೇಕೆಂಬುದು ಅವನಿಗೆ ಗೊತ್ತಿರಲಿಲ್ಲ. ಅದು ಅವನನ್ನು ಬಹಳ ಚುಚ್ಚಿತು. ಕೆಲವೇ ತಿಂಗಳಲ್ಲಿ ಅವನು ಕಲ್ಮಾ ಓದಿ ಮುಸಲ್ಮಾನನಾದ.

ರೇಷ್ಮಾ ಅವನನ್ನು ಕೇಳಿದ್ದಳು. “ಅಣ್ಣಾ, ನಮ್ಮಪ್ಪ ನಿನಗ ಹಿಂಗಾಗು ಅಂತ ಯಾವತ್ತರ ಅಂದಿದ್ನೇನು?”

“ಇಲ್ಲವಾ.”

“ಮತ್ತ ಯಾಕ?”

“ಅಂದಿದ್ರ ಆಗತಿದ್ದಿಲ್ಲ.”

ಹರ್ತಿಯಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟರು. ಅವನು ಬೆಟಗೇರಿಗೆ ಬಂದು ಅಲ್ಲಾಉದ್ದೀನನ ಗಾದಿ ಅಂಗಡಿಯಲ್ಲಿ ಹತ್ತಿ ಬಡಿದು ಗಾದಿ ತುಂಬುವ ಕೆಲಸಕ್ಕೆ ನಿಂತ. ನಮಾಜು ಕಲಿಸುತ್ತಿದ್ದ ಒಬ್ಬ ಹಿರಿಯರು ಒಂದು ದಿನ ಅವನ ಕೈಯಲ್ಲಿ ದಪ್ಪು ಕಂಡರು. ಸಿಟ್ಟು ಮಾಡಲಿಲ್ಲ. ಪಕ್ಕದಲ್ಲಿ ಕೂಡ್ರಿಸಿಕೊಂಡು ಸಮಾಧಾನದಿಂದ, ವಾದ್ಯ ನುಡಿಸುವುದು, ಮೊಹರಂನ ಪದ ಹಾಡಿ ಅಳುವುದು ನಮ್ಮ ನಡಾವಳಿಯಲ್ಲಿ ಸಲ್ಲದು, ಬಿಟ್ಟುಬಿಡಿ ಎಂದರು.

“ನಮ್ಮ ಉಸ್ತಾದರು ಸಾಯೂತನಕ ಹಾಡಿದ್ರಲ್ರಿ? ಅವರೂ ಮುಸಲ್ಮಾನರೇ ಅಲ್ರೀ?”

“ಅವರು ಇದರಾಗ ಹುಟ್ಟಿದವರು ಯಾಕೂಬಭಾಯಿ. ನೀವು ಬಂದವರು. ಹುಟ್ಟಿದವರು ಹ್ಯಾಂಗಿದ್ದರೂ ನಡೀತೈತಿ. ಬಂದವರು ನೆಟ್ಟಗ ಇರಬೇಕು, ಎಲ್ಲಾರ ಕಣ್ಣು ನಿಮ್ಮ ಮ್ಯಾಲ ಇರತಾವ.”

ಆ ಮಾತು ಅವನೊಳಗೆ ಮುಳ್ಳಾಗಿ ಮುರಿಯಿತು. ಪದ ಹಾಡಿಕೊಂಡೇ ಆ ಬಾಗಿಲವರೆಗೆ ಬಂದವನಿಗೆ, ಪದ ಹೊರಗಿಟ್ಟು ಬಾ ಎಂದಹಾಗಾಯಿತು. ಆದರೆ ಯಮನೂರಪ್ಪ ಹಟದ ಮನುಷ್ಯ. ಬಂದಾಗಿದೆ, ನೆಟ್ಟಗೇ ಇರುತ್ತೇನೆ ಎಂದು ಹಾಡುವುದನ್ನು ಬಿಟ್ಟ.

ಬಿಡುವ ಮೊದಲು ಗವಿಸಿದ್ದೇಶ ಅಳುತ್ತ ಬಂದ. “ಗುರುಗಳ, ನೀವು ಬಿಟ್ರ ಪದಾ ಸಾಯತಾವ. ನನಗ ಎಲ್ಲಾ ಕೊಟ್ಟಬಿಡ್ರಿ” ಎಂದ. ಯಮನೂರಪ್ಪ ನಮ್ಮ ಹಿತ್ತಲಲ್ಲಿ ಕೂತು, ದಪ್ಪು ಮುಟ್ಟದೆ, ದನಿ ತಗ್ಗಿಸಿ, ಉಳಿದಿದ್ದ ಪದಗಳನ್ನೆಲ್ಲ ಅವನ ಬಾಯಿಗೆ ಹಾಕಿದ. ನಾನು ಕಾಳು ಹಸನ ಮಾಡುತ್ತ ಅಲ್ಲೇ ಇರುತ್ತಿದ್ದೆ. ಕಡೆಯ ದಿನ ಅವನು ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ.

“ನನ್ನ ಹೆಸರು ತಗಿ. ನಾ ಬಿಟ್ಟಂವ. ಬಿಟ್ಟವನ ಹೆಸರು ಬ್ಯಾಡ. ಅಲ್ಲಿ ನಿನ್ನ ಹೆಸರು ಹಾಕ್ಕೋ. ಆದ್ರ ಉಸ್ತಾದರ ಹೆಸರು ಮುಟ್ಟಬ್ಯಾಡ. ಅದಕ್ಕ ಕೈ ಹಚ್ಚಬ್ಯಾಡಪಾ.”

“ಮುಟ್ಟಿದ್ರ ನಾಲಿಗಿ ಸೇದಿ ಹೋಗ್ಲಿ ಗುರುಗಳ” ಎಂದು ಗವಿಸಿದ್ದೇಶ ದಪ್ಪಿನ ಮೇಲೆ ಕೈಯಿಟ್ಟು ಆಣೆ ಮಾಡಿದ. ಯಮನೂರಪ್ಪ ಆ ದಪ್ಪನ್ನೂ ಅವನಿಗೇ ಕೊಟ್ಟು ಕಳಿಸಿದ.

ಆಮೇಲೆ ವರ್ಷಗಟ್ಟಲೆ ಅವನ ಬಾಯಲ್ಲಿ ಒಂದು ಸಾಲೂ ಕೇಳಲಿಲ್ಲ. ಎಲ್ಲಾದರೂ ಹಾಡು ಹಚ್ಚಿದ್ದರೆ ಆ ಓಣಿ ಬಿಟ್ಟು ಈ ಓಣಿಯಿಂದ ಬರುತ್ತಿದ್ದ. ಮೊಹರಂ ಬಂದರೆ ಖೋಲಿಯ ಬಾಗಿಲು ಹಾಕಿಕೊಂಡು ಮಲಗುತ್ತಿದ್ದ. ನಮಾಜಿಗೆ ಮಾತ್ರ ಒಂದು ಹೊತ್ತೂ ತಪ್ಪಲಿಲ್ಲ.

ಹೀಗಿರುವಾಗ ಒಂದು ಮುಂಜಾನೆ ರೇಷ್ಮಾ ಲಕ್ಷ್ಮೇಶ್ವರದಿಂದ ಬಂದಿಳಿದಳು. ಹೇಳದೆ ಕೇಳದೆ ಬಂದವಳು ಕಟ್ಟೆಯ ಮೇಲೆ ಕೂತು ನೀರೂ ಮುಟ್ಟಲಿಲ್ಲ. ಮೊಬೈಲ್ ತೆಗೆದು ಒಂದು ಹಾಡು ಹಚ್ಚಿ ನೆಲದ ಮೇಲೆ ಇಟ್ಟಳು. “ಕೇಳು” ಎಂದಳು.

ಕುದುರೆಯ ಪದ. ಗವಿಸಿದ್ದೇಶನ ಧ್ವನಿ. ಹಿಂದೆ ಕ್ಯಾಸಿಯೊ ಬಾರಿಸಿದ್ದರು. ಪರದೆಯಲ್ಲಿ ಮಿಂಚುವ ದೀಪ, ಹಾಡುವವನ ತಲೆಗೆ ಜರಿ ಪಟಗಾ. ಯಮನೂರಪ್ಪ ಎದ್ದು ಹೋಗುತ್ತಾನೆಂದು ನಾನು ತಿಳಿದಿದ್ದೆ. ಅವನು ಹೋಗಲಿಲ್ಲ. ಗೋಡೆ ಹಿಡಿದು ಕೂತ. ಎಷ್ಟೋ ವರ್ಷಗಳ ಮೇಲೆ ಆ ಸಾಲು ಕಿವಿಗೆ ಬಿದ್ದು ಕಣ್ಣಲ್ಲಿ ನೀರು ಇಳಿಯತೊಡಗಿತು. ಗವಿಸಿದ್ದೇಶ ಹುಸೇನ ಎಂದು ಬರುವ ಕಡೆಯಲ್ಲೆಲ್ಲ ಸರದಾರ ಎಂದು ಹಾಡಿದ್ದ. ಕಡೆಯ ನುಡಿ ಬಂತು:

ಮುಂಡರಗಿ ಸೀಮಿಯ ಗವಿಸಿದ್ದ ಕಟ್ಟಿದ ನುಡಿ
ಕೇಳಿದವರ ಎದಿಯಾಗ ಬೆಂಕಿ ಹತ್ತೀತ ನೋಡಿ.

ರೇಷ್ಮಾ ಮೊಬೈಲ್ ಬಂದ್ ಮಾಡಿದಳು. “ನಮ್ಮಪ್ಪನ ಹೆಸರು ಎಲ್ಲಿ ಹೋತು ಅಣ್ಣಾ?”

ಅವನು ಅಂಗೈಯಿಂದ ಕಣ್ಣೊರೆಸಿಕೊಂಡ.

“ಪದಾ ಕೊಟ್ಟಂವ ನೀನು. ನಮ್ಮ ಅಪ್ಪಾ ಸತ್ತ ಮ್ಯಾಲ ನಮ್ಮವನಾಗಿ ಬಂದಿ. ನಾವು ನಂಬಿದ್ವಿ. ಬಂದು ನಮ್ಮಪ್ಪನ್ನ ಪದದಾಗಿಂದ ಹೊರಗ ಹಾಕಿದಿ. ಅಂವ ಹೊಲದದ್ದು ಯಾರ ಮೈಮ್ಯಾಲೂ ಉಳದಿಲ್ಲ, ಹರದು ಹೋಗ್ಯಾವ. ಉಳದದ್ದು ಅದೊಂದ ಹೆಸರು.”

“ನಾ ತಗದಿಲ್ಲ ತಂಗಿ.”

“ನೀ ತಗೀಲಿಲ್ಲ. ತಗಿಯವನ ಕೈಯಾಗ ಕೊಟ್ಟಿ.” ಇಷ್ಟು ಹೇಳಿ ಅವಳು ಬಂದ ಬಸ್ಸಿಗೇ ತಿರುಗಿ ಹೋದಳು.

ಮರುದಿನ ಯಮನೂರಪ್ಪ ಮುಂಡರಗಿಗೆ ಹೊರಟ. ನನ್ನ ತಂಗಿಯ ಮನೆ ಅಲ್ಲಿಯೇ ಇರುವುದರಿಂದ ನಾನೂ ಜೊತೆಗೆ ಹೋದೆ. ಗವಿಸಿದ್ದೇಶ ಹೊಸ ಮನೆ ಕಟ್ಟಿಸಿದ್ದ. ಗೋಡೆಯ ತುಂಬ ಹಾರ, ಶಾಲು, ಫೋಟೋ. ನಮ್ಮನ್ನು ಕಂಡವನೇ ಓಡಿಬಂದು ಯಮನೂರಪ್ಪನ ಕಾಲಿಗೆ ಬಿದ್ದ.

“ಯಪ್ಪಾ, ಗುರುಗಳು ಬಂದ್ರು! ಸುನಿತಾ, ಚಾ ಇಡು. ತಡಿ ತಡಿ, ಮಂಡಕ್ಕಿ ಹಚ್ಚು, ಮಿರ್ಚಿ ಕರಿ.”

ಒಳಗಿನಿಂದ ಅವನ ಹೆಂಡತಿ ಸಣ್ಣ ದನಿಯಲ್ಲಿ, “ಅವರು ನಮ್ಮ ಮನ್ಯಾಗ ತಿಂತಾರೇನ್ರಿ?” ಎಂದಳು. ಅದು ಹೊರಗೂ ಕೇಳಿಸಿತು.

“ತಿಂತೇನವ್ವಾ” ಎಂದ ಯಮನೂರಪ್ಪ. “ಮಿರ್ಚಿಗೆ ಜಾತಿ ಇರಂಗಿಲ್ಲ. ಖಾರ ಅಷ್ಟ ಇರತೈತಿ.”

ಎಲ್ಲರೂ ನಕ್ಕೆವು. ಮಿರ್ಚಿ ತಿಂದದ್ದಾಯಿತು. ಆಮೇಲೆ ಅವನು, “ಗವಿಸಿದ್ದೂ, ಕುದುರಿ ಪದಾ ಹಾಡು, ಕೇಳೂಣು” ಎಂದ. ಗವಿಸಿದ್ದೇಶ ಖುಷಿಯಿಂದ ಹಾಡಿದ. ಗುರುವಿನ ಎದುರಿಗೆ ಹುಸೇನ ಎಂದೇ ಹಾಡಿದ, ಸರದಾರ ಎನ್ನಲಿಲ್ಲ. ಕಡೆಯ ನುಡಿಗೆ ಬಂದವನು ತಟ್ಟನೆ ನಿಂತ.

“ಅಂಕಿತ?” ಎಂದ ಯಮನೂರಪ್ಪ.

ಗವಿಸಿದ್ದೇಶ ಚಾದ ಲೋಟ ಸರಿಸಿದ. “ಹೆಸರು ತಗಿ ಅಂದವರು ನೀವ ಅಲ್ರೀ?”

“ನನ್ನ ಹೆಸರು ತಗಿ ಅಂದೆ. ಉಸ್ತಾದರದು ತಗಿ ಅಂದ್ನೇನು?”

“ಗುರುಗಳ, ನೀವು ಒಂದು ಖೋಲ್ಯಾಗ ಕುಂತವರು. ನಾವು ಊರೂರು ತಿರುಗವರು. ಕಾರ್ಯಕ್ರಮಕ್ಕ ಕರಿಯವರು ಮೊದಲ ಕೇಳತಾರ, ಯಾರ ಪದಾ ಅಂತ. ಅತಾವುಲ್ಲಾ ಅಂದ ಕೂಡಲೇ ಮಾರಿ ಸಣ್ಣ ಮಾಡತಾರ. ಕಾಲ ಹಂಗ ಬಂದೈತಿ, ನಾ ಏನ ಮಾಡ್ಲಿ? ಪದಾ ಉಳಸೇನಿ ನಾನು. ಇಲ್ಲಾಂದ್ರ ಪದಾನೂ ಇರತಿದ್ದಿಲ್ಲ, ಹೆಸರೂ ಇರತಿದ್ದಿಲ್ಲ.”

“ಆಣಿ ಮಾಡಿದ್ಯಲ್ಲೋ.”

“ಮಾಡಿದ್ನಿ. ನೀವೂ ಸಾಯೂತನಕ ಹಾಡತೇನಿ ಅಂತ ಉಸ್ತಾದರ ಮುಂದ ಅಂದಿದ್ರಂತ. ಬಿಟ್ರಿಲ್ಲೋ?”

ಸುನಿತಾ ಬಾಗಿಲಲ್ಲಿ ನಿಂತವಳು ಒಳಗೆ ಸರಿದಳು.

ಗವಿಸಿದ್ದೇಶನೇ ಮತ್ತೆ ಮಾತೆತ್ತಿದ. “ಸಿಟ್ಟಾಗಬ್ಯಾಡ್ರಿ. ಬೀಳ ಬಿಟ್ಟ ಹೊಲಾ ಊಳಿದವಂದು ಅಂತಾರಲ್ರಿ.”

“ಊಳಿದವಂದು ಬೆಳಿ. ಹೊಲಾ ಅಲ್ಲ.”

“ಹಂಗಿದ್ರ ಹಾಡಿ ತಗೋರಿ. ಪದದ ನ್ಯಾಯ ಕಟ್ಟಿ ಮ್ಯಾಲ ಕುಂತು ಆಗಂಗಿಲ್ಲ, ನಿಮಗ ಗೊತ್ತೈತಿ. ಕುಣಿ ಮುಂದ ನಿಂತು ಆಗಬೇಕು.”

ಅದು ನಮ್ಮ ಕಡೆಯ ಹಾಡುವವರ ಪದ್ಧತಿ. ಒಂದು ಪದ ಯಾರದೆಂದು ತಕರಾರು ಬಂದರೆ, ಆ ಪದವನ್ನು ಮೇಳ ಮೊದಲು ಹಾಡಿದ ಊರಿನಲ್ಲಿ, ಮೊಹರಂನ ಕಡೆಯ ದಿನ, ಬೆಂಕಿ ಹಾಕಿದ ಅಲಾಯಿ ಕುಣಿಯ ಮುಂದೆ ನಿಂತು ಅಂಕಿತದ ಸಮೇತ ಹಾಡಬೇಕು. ಹಿಮ್ಮೇಳದವರು ಆ ಕಡೆಯ ನುಡಿಯನ್ನು ಎತ್ತಿ ತಿರುಗಿ ಹಾಡಿದರೆ ಅದೇ ಸಾಕ್ಷಿ. ಹಿಮ್ಮೇಳ ಎತ್ತಿದ ಅಂಕಿತವನ್ನು ಆಮೇಲೆ ಯಾರೂ ತಿದ್ದುವಂತಿಲ್ಲ. ಬಸ್ಸಿನಲ್ಲಿ ತಿರುಗಿ ಬರುವಾಗ ಯಮನೂರಪ್ಪ ಕಿಟಕಿಯ ಕಡೆಗೇ ನೋಡುತ್ತಿದ್ದ. ಗದಗ ಬರುವ ಹೊತ್ತಿಗೆ, “ಹಾಡತೇನಕ್ಕಾ” ಎಂದ.

ಮಸೀದಿಯ ಆ ಹಿರಿಯರಿಗೆ ತಾನೇ ಹೋಗಿ ಹೇಳಿದ. ಕದ್ದು ಹಾಡುವುದು ಅವನಿಗೆ ಬೇಡವಾಗಿತ್ತು. ಅವರು, “ನಿಮ್ಮ ಇಷ್ಟ” ಎಂದರಂತೆ. ಮರುದಿನದಿಂದ ಅವನ ಸಲಾಮಿಗೆ ತಲೆ ಅಷ್ಟೇ ಅಲ್ಲಾಡಿಸಿದರು, ಬಾಯಿ ಮಾತು ಬರಲಿಲ್ಲ. ಅವನು ನಮಾಜಿಗೆ ಹೋಗುವುದನ್ನು ಬಿಡಲಿಲ್ಲ. ಹಿಂದಿನ ಸಾಲಿನಲ್ಲಿ ನಿಲ್ಲತೊಡಗಿದ.

ಗಂಟಲು ಮುಚ್ಚಿಹೋಗಿತ್ತು. ಅಂಗಡಿಯಲ್ಲಿ ಹತ್ತಿ ಬಡಿಯುತ್ತ ಬಡಿಯುತ್ತ ಅದೇ ಕೋಲಿನಿಂದ ತಾಳ ಹಿಡಿದು ಧ್ವನಿ ಬಿಡಿಸಿಕೊಂಡ. ಅಲ್ಲಾಉದ್ದೀನನಿಗೆ ಹಾಡು ಬೇಕು, ಆದರೆ ಗಿರಾಕಿಯೂ ಬೇಕು. “ಏ ಯಮನೂರಾ, ಗಿರಾಕಿ ಮಲಗೂ ಗಾದಿ ಅದು, ಕುಣಿಯೂ ಗಾದಿ ಅಲ್ಲ. ನೀ ಹಿಂಗ ತಾಳಾ ಹಾಕಿ ಬಡದ್ರ ಒಯ್ದಂವ ರಾತ್ರಿಯೆಲ್ಲಾ ಕಾಲ ಝಾಡಸತಾನ ನೋಡು” ಎನ್ನುತ್ತಿದ್ದ. ಯಮನೂರಪ್ಪ ನಕ್ಕದ್ದನ್ನು ನಾನು ವರ್ಷಗಳ ಮೇಲೆ ಆಗ ನೋಡಿದೆ.

ಮೊಹರಂಗೆ ಮುಂಚೆ ಹರ್ತಿಗೆ ಹೋಗಿ ಮಲ್ಲುವನ್ನು ಕಂಡು ಬಂದ. ಕೆಲವರು ಬಿಟ್ಟು ಹೋದವನಿಗೆ ಇಲ್ಲೇನು ಕೆಲಸ ಎಂದರಂತೆ. ಮಲ್ಲು ಅವರ ಬಾಯಿ ಮುಚ್ಚಿಸಿ, “ಬಾರಲೇ, ಹಿಮ್ಮೇಳಕ್ಕ ನಾ ಇದ್ದೇನಿ. ನೀ ಗಂಟಲಾ ಅಷ್ಟ ತಗೊಂಡು ಬಾ” ಎಂದನಂತೆ. ಅದನ್ನು ಹೇಳುವಾಗ ಇವನ ಮುಖ ಅರಳಿತ್ತು. ಒಮ್ಮೆ ಕೂಡಿ ಹಾಡಿ ನೋಡಿದಿರೇನು ಎಂದು ನಾನು ಕೇಳಿದೆ. “ಮಲ್ಲೂಗ ನಾ ಅಂಕಿತ ಕಲಸಬೇಕೇನಕ್ಕಾ? ಅವ ನಿದ್ದಿಗಣ್ಣಾಗ ಹಾಡತಾನ” ಎಂದ. ರೇಷ್ಮಾಳಿಗೂ ಹೇಳಿ ಕಳಿಸಿದ್ದ, ಬಂದು ಕಿವಿಯಾರೆ ಕೇಳು ಎಂದು.

ಕಡೆಯ ದಿನ ಮಧ್ಯಾಹ್ನ ಹರ್ತಿಯ ಮಸೂತಿಯ ಮುಂದೆ ಊರಿಗೆ ಊರೇ ಸೇರಿತ್ತು. ಅಲಾಯಿ ದೇವರುಗಳನ್ನು ಹೊರಗೆ ತಂದಿದ್ದರು. ಹೆಂಗಸರು ಸಕ್ಕರೆ, ಊದುಬತ್ತಿ ಹಿಡಿದು ನಿಂತಿದ್ದರು. ರೇಷ್ಮಾ ಬಂದು ನನ್ನ ಪಕ್ಕದಲ್ಲಿ ಸೆರಗು ಹೊದ್ದು ನಿಂತಳು.

ಯಮನೂರಪ್ಪ ಮೇಳದವರ ದಪ್ಪು ಇಸಿದುಕೊಂಡು ಬೆಂಕಿಗೆ ಹಿಡಿದು ಕಾಸಿದ. ಮೊದಲ ಸಾಲಿಗೆ ಧ್ವನಿ ಒಡೆಯಿತು. ಯಾರೋ ಕಿಸಕ್ಕೆಂದರು. ಎರಡನೆಯದಕ್ಕೆ ದಾರಿ ಸಿಕ್ಕಿತು. ಕುದುರೆ ಡೇರೆಯ ಮುಂದೆ ಬಂದು ನಿಂತಾಗ ಅಳುತ್ತಿದ್ದ ಕೂಸುಗಳೂ ಸುಮ್ಮನಾದಂತೆ ನನಗನಿಸಿತು. ಏರಿ ಹೋದಂವ ಎಲ್ಲಿ ಇಳದಾನ ಹೇಳ ಕುದುರಿ ಎಂದು ಅವನು ಎತ್ತಿದ, ಹಿಮ್ಮೇಳ ಎತ್ತಿತು, ಮಲ್ಲುವಿನ ಧ್ವನಿ ಎಲ್ಲಕ್ಕಿಂತ ಮೇಲೆ. ನನ್ನ ಪಕ್ಕದ ಹೆಂಗಸರು ಕಣ್ಣೊರೆಸಿಕೊಂಡರು. ರೇಷ್ಮಾ ಮಾತ್ರ ಅವನ ಬಾಯಿಯನ್ನೇ ನೋಡುತ್ತಿದ್ದಳು.

ಕಡೆಯ ನುಡಿ ಬಂತು. ಅವನು ಕಣ್ಣು ಮುಚ್ಚಿ, ಲಕ್ಷ್ಮೇಶ್ವರದ ಎಂದು ಎತ್ತಿದ.

ಅಷ್ಟರಲ್ಲಿ ಹಿಮ್ಮೇಳ, ಸಾಲು ಮುಗಿಯುವುದನ್ನೂ ಕಾಯದೆ, ಒಂದೇ ಗಂಟಲಲ್ಲಿ ಮುಂಡರಗಿ ಸೀಮಿಯ ಗವಿಸಿದ್ದ ಎಂದು ಎತ್ತಿ ಹೊಡೆಯಿತು. ಅವನು ಕಣ್ಣು ತೆರೆದ. ಮತ್ತೆ ಮೊದಲಿನಿಂದ ಆ ನುಡಿ ಎತ್ತಿದ. ಮತ್ತೆ ಅದೇ ಆಯಿತು. ಮೂರನೆಯ ಸಲ ಗಂಟಲ ನರ ಉಬ್ಬುವಂತೆ ಅತಾವುಲ್ಲಾ ಎಂದ, ನೆರೆದ ಜನರೂ ಹಿಮ್ಮೇಳದ ಕೂಡ ಸೇರಿದರು. ಎಲ್ಲರಿಗೂ ಮೊಬೈಲಿನಲ್ಲಿ ಕೇಳಿ ಬಾಯಿಪಾಠವಾಗಿತ್ತು. ಅವರು ಖುಷಿಯಿಂದ ಹಾಡುತ್ತಿದ್ದರು. ಒಬ್ಬ ಹುಡುಗ, “ಅಜ್ಜಾ, ಕಡೀ ನುಡಿ ತಪ್ಪತೀರಿ. ಅದು ಗವಿಸಿದ್ದಣ್ಣನ ಪದಾ” ಎಂದು ಕೂಗಿ ತಿದ್ದಿದ.

ಯಮನೂರಪ್ಪ ಜನರನ್ನು ನೋಡಲಿಲ್ಲ, ಮಲ್ಲುವನ್ನು ನೋಡಿದ. ಮಲ್ಲು ತನ್ನ ಕೈಯ ತಾಳ ನೋಡುತ್ತಿದ್ದ.

ದೇವರು ಹೊಳೆಗೆ ಹೊರಟು ಜನ ಕರಗಿದ ಮೇಲೆ ಇಬ್ಬರೂ ಮಸೂತಿಯ ಗೋಡೆಗೆ ನಿಂತಿದ್ದರು. ನಾವು ಹೆಂಗಸರಿಬ್ಬರೂ ಅಲ್ಲೇ ಇದ್ದೆವು.

“ಹುಡುಗರು ಹಾಡಿದ್ದು ಬ್ಯಾರೆ ಮಲ್ಲೂ. ಅವರು ಕೇಳಿದ್ದಷ್ಟ ಹಾಡಿದ್ರು. ನೀ?”

“ಗವಿಸಿದ್ದ ಹೋದ ವಾರ ಬಂದಿದ್ದ” ಎಂದ ಮಲ್ಲು. “ನಮ್ಮ ಮೇಳಾನ ತನ್ನ ಕೂಡ ಕರಕೊಂಡು ಹೋಗತಾನಂತ. ಟೀವ್ಯಾಗೂ ಹಾಕಸತಾನಂತ.”

“ಉಸ್ತಾದರ ತಾಟನ್ಯಾಗ ಉಂಡಿದ್ದಿ ನೀ.”

“ಉಂಡೇನಿ, ಇಲ್ಲಂದ್ನೇನು? ಇವರ ಮುಂದ ಹೇಳತೇನಿ, ಉಂಡೇನಿ.” ಮಲ್ಲುವಿನ ಧ್ವನಿ ಏರಿತು. “ನೀ ಹೇಳದ ಕೇಳದ ಮೇಳಾ ಬಿಟ್ಟು ಹೋದಾಗ ನನ್ನ ಕೇಳಿದ್ಯೇನು? ಇಷ್ಟು ವರ್ಷ ದಪ್ಪು ಗೂಟಕ್ಕ ಹಾಕಿ ಕುಂತಿದ್ವಿ. ನೀ ಇವತ್ತ ಹಾಡಿ ಬೆಟಗೇರಿಗೆ ಹೋಗಾಂವ. ನಾಳೆ ನಾವು ಯಾರ ಕೂಡ ಹಾಡಬೇಕು?”

ಯಮನೂರಪ್ಪ ದಪ್ಪನ್ನು ಮಲ್ಲುವಿನ ಕೈಗೆ ಕೊಟ್ಟ. ಮಲ್ಲು ಇಸಿದುಕೊಂಡು ಹೋದ. ಮೊದಲು ಹಾಡಿದ ಊರಿನಲ್ಲಿ, ಕುಣಿಯ ಮುಂದೆ, ಹಿಮ್ಮೇಳ ಎತ್ತಿ ಹಾಡಿಯಾಗಿತ್ತು. ಪದ್ಧತಿಯ ಪ್ರಕಾರ ಪದ ಈಗ ಗವಿಸಿದ್ದೇಶನದೇ ಆಯಿತು. ಹಾಡದೆ ಸುಮ್ಮನಿದ್ದಿದ್ದರೆ ತಕರಾರಾದರೂ ಉಳಿಯುತ್ತಿತ್ತು. ಗವಿಸಿದ್ದೇಶ ಅದನ್ನು ತಿಳಿದೇ ಹಾಡಿ ತಗೋರಿ ಎಂದಿದ್ದ. ಆಗ ಅದು ನಮಗೆ ತಿಳಿಯಲಿಲ್ಲ.

ಬಸ್ಸಿಗೆ ನಿಂತಾಗ ರೇಷ್ಮಾ ಆ ದಿನ ಮೊದಲ ಸಲ ಬಾಯಿ ಬಿಟ್ಟಳು. “ಅಣ್ಣಾ, ನಿನ್ನ ಬಾಯಿ ನೋಡೇನಿ. ಮೂರೂ ಸಲ ನಮ್ಮಪ್ಪನ ಹೆಸರ ಅಂದಿ.”

“ಕೇಳಸ್ತೇನು?”

“ಇಲ್ಲ” ಎಂದಳು. ಸುಳ್ಳು ಹೇಳುವ ಹೆಣ್ಣುಮಗಳಲ್ಲ ಅವಳು. “ಕೇಳಸಲಿಲ್ಲ. ನೋಡಿದೆ ಅಷ್ಟ.”

ಈಗ ಆ ಪದ ಎಲ್ಲ ಕಡೆ ಇದೆ. ಗದಗದ ಚಾದ ಅಂಗಡಿಗಳಲ್ಲಿ, ಶಿರಹಟ್ಟಿಯ ಟಂಟಂಗಳಲ್ಲಿ, ಲಗ್ನದ ಪೆಂಡಾಲುಗಳಲ್ಲಿ. ಯಮನೂರಪ್ಪ ಚಾ ಅರ್ಧಕ್ಕೆ ಬಿಟ್ಟು ಎದ್ದು ಬರುತ್ತಾನೆ. ಹಿಂದೆ ಹಾಡು ಸಲ್ಲದೆಂದು ಎದ್ದು ಬರುತ್ತಿದ್ದ, ಈಗ ಯಾಕೆಂದು ನಮಗೆ ಗೊತ್ತು. ಆದರೆ ಮತ್ತೆ ಹಾಡುವುದನ್ನು ಅವನು ಬಿಟ್ಟಿಲ್ಲ. ಯಾರೂ ಕರೆಯುವುದಿಲ್ಲ, ಆದರೂ ಹಾಡುತ್ತಾನೆ. ಅಂಗಡಿಯಲ್ಲಿ ಹಾಡುತ್ತಾನೆ, ಶುಕ್ರವಾರ ನಮಾಜು ಮುಗಿಸಿ ಬಂದು ಕಟ್ಟೆಯ ಮೇಲೆ ಹಾಡುತ್ತಾನೆ.

ಹೋದ ತಿಂಗಳು ಲಕ್ಷ್ಮೇಶ್ವರಕ್ಕೆ ಹೋಗೋಣ ನಡಿ ಅಕ್ಕಾ ಎಂದ. ರೇಷ್ಮಾ ಅಂಗಳದಲ್ಲಿ ಚಾಪೆ ಹಾಸಿದಳು. ದಪ್ಪಿಲ್ಲ, ತಾಳವಿಲ್ಲ, ಹಿಮ್ಮೇಳವಿಲ್ಲ. ತೊಡೆಯ ಮೇಲೆ ಕೈ ಬಡಿದು ಕುದುರೆಯ ಪದ ಹಾಡಿದ. ಕಡೆಯ ನುಡಿಗೆ ಬಂದ. ಲಕ್ಷ್ಮೇಶ್ವರದ ಅತಾವುಲ್ಲಾ ಗುರು ಕೊಟ್ಟ ನುಡಿ ಎಂದು ಹೇಳಿ ನಿಂತ. ಅಲ್ಲಿ ಹಿಮ್ಮೇಳ ಎತ್ತಬೇಕು. ಹೆಂಗಸರು ರಿವಾಯತ್ ಹಾಡುವುದು ನಮ್ಮಲ್ಲಿ ಇಲ್ಲ. ರೇಷ್ಮಾ ನೆಲ ನೋಡುತ್ತ, ಸಣ್ಣ ದನಿಯಲ್ಲಿ ಆ ಸಾಲನ್ನು ತಿರುಗಿ ಹಾಡಿದಳು. ನಾನೂ ಸೇರಿದೆ.

“ಇದು ಲೆಕ್ಕಕ್ಕಿಲ್ಲ ತಂಗಿ” ಎಂದ ಅವನು.

“ಗೊತ್ತೈತಿ” ಎಂದಳು.

ಅಷ್ಟರಲ್ಲಿ ಓಣಿಯ ತುದಿಯಿಂದ ಯಾರೋ “ನೀರ ಬಂದಾವ್ರೇ” ಎಂದು ಕೂಗಿದರು. ಎಂಟೆಂಟು ದಿನಕ್ಕೊಮ್ಮೆ ಬರುವ ನೀರು. ರೇಷ್ಮಾ ಸೆರಗು ಸಿಕ್ಕಿಸಿ ನಳದ ಕಡೆಗೆ ಓಡಿದಳು. ಯಮನೂರಪ್ಪ ಲುಂಗಿ ಎತ್ತಿ ಕಟ್ಟಿ, ತುಂಬಿದ ಕೊಡಗಳನ್ನು ಒಂದೊಂದಾಗಿ ಒಳಗೆ ಒಯ್ದು ಬ್ಯಾರಲ್ಲಿಗೆ ಸುರುವತೊಡಗಿದ. ನಾನು ಬಾಗಿಲಲ್ಲಿ ಕೂತು ಖಾಲಿ ಕೊಡಗಳನ್ನು ಬೂದಿ ಹಚ್ಚಿ ತಿಕ್ಕಿ ಕೊಟ್ಟೆ.